ಶೇಕಡಾ 40ರ ಗೆರೆಯ ಆಚೆ ಈಚೆ: ವಿಶೇಷ ಅಗತ್ಯದ ಮಕ್ಕಳ ಕಲಿಕಾ ಯೋಜನೆ ಎಲ್ಲಿ ನಿರ್ಧಾರವಾಗುತ್ತದೆ?

"ಎಷ್ಟು ಪರ್ಸೆಂಟ್?"

ಅಂಗವೈಕಲ್ಯವಿರುವ ಮಗುವಿನ ತಂದೆತಾಯಿ ಕರ್ನಾಟಕದಲ್ಲಿ ಹೋದಲ್ಲೆಲ್ಲ ಉತ್ತರಿಸಬೇಕಾದ ಪ್ರಶ್ನೆ ಇದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಕೇಳುತ್ತಾರೆ. ಬಸ್ ಪಾಸಿನ ಅರ್ಜಿಯಲ್ಲಿ, ಮಾಸಾಶನದ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕೆಂದರೂ ಮೊದಲು ಬರುವ ಮಾತು ಇದೇ. ನ್ಯೂನತೆ ಶೇಕಡಾ 40 ಇದ್ದರೆ ಮುಂದಿನ ಮಾತು, 38 ಇದ್ದರೆ ಅಲ್ಲಿಗೇ ಮುಗಿಯಿತು.

ಇದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ಮಗುವಿಗೆ, ಈ ತರಗತಿಯಲ್ಲಿ, ಕಲಿಯಲು ಅಡ್ಡಬರುತ್ತಿರುವುದು ಏನು? ಅದನ್ನು ತೆಗೆಯಲು ಯಾರು, ಯಾವಾಗ, ಏನು ಮಾಡುತ್ತಾರೆ? ಇದಕ್ಕೆ ಬರೆದಿಟ್ಟ ಉತ್ತರವೇ ವೈಯಕ್ತಿಕ ಶೈಕ್ಷಣಿಕ ಯೋಜನೆ, ಶಿಕ್ಷಕರ ಬಾಯಲ್ಲಿ ಐಇಪಿ. ಮೊದಲ ಪ್ರಶ್ನೆಗೆ ಉತ್ತರ ಕೊಡಲು ನಮ್ಮಲ್ಲಿ ಆಸ್ಪತ್ರೆ ಇದೆ, ಗೆಜೆಟ್‌ನಲ್ಲಿ ಪ್ರಕಟವಾದ ಮಾರ್ಗಸೂಚಿ ಇದೆ, ಪೋರ್ಟಲ್ ಇದೆ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯೂ ಇದೆ. ಎರಡನೆಯ ಪ್ರಶ್ನೆಗೆ ಅಂಥ ಯಾವ ಆಸರೆಯೂ ಇಲ್ಲ. ತರಗತಿಯಲ್ಲಿ ಹುಟ್ಟಬೇಕಾದ ನಿರ್ಧಾರವನ್ನು ನಾವು ಆಸ್ಪತ್ರೆಯ ಮೇಜಿಗೆ ಒಪ್ಪಿಸಿಬಿಟ್ಟಿದ್ದೇವೆ. ಸಾವಿರಾರು ಮಕ್ಕಳು ಶಾಲೆಗೆ ಬಂದೂ ಕಲಿಯದೆ ಕೂರುವುದಕ್ಕೆ ಇದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಪಟ್ಟಿಯಿಂದ ಶಿಬಿರಕ್ಕೆ, ಶಿಬಿರದಿಂದ ಕಾರ್ಡಿಗೆ

ಸರ್ಕಾರಿ ಶಾಲೆಯ ಮಗುವಿನ ದಾರಿಯನ್ನು ಮೊದಲು ನೋಡೋಣ. ಹುಟ್ಟಿನಿಂದಲೇ ಕಾಣುವ ತೊಂದರೆಗಳನ್ನು, ಬೆಳವಣಿಗೆಯ ವಿಳಂಬವನ್ನು ಗುರುತಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅನುಮಾನವಿದ್ದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಶಾಲೆಗೆ ಬಂದ ಮೇಲೆ ಜವಾಬ್ದಾರಿ ತರಗತಿ ಶಿಕ್ಷಕರದು. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ಎಂಬ ಪ್ರಶ್ನಾವಳಿ ಇದಕ್ಕೆಂದೇ ಇದೆ: ಮೊದಲ ಭಾಗವನ್ನು ಶಿಕ್ಷಕರು ತುಂಬುತ್ತಾರೆ, ಎರಡನೆಯದನ್ನು ವಿಶೇಷ ಶಿಕ್ಷಕರು ಅಥವಾ ಶಾಲೆಯ ಮುಖ್ಯಸ್ಥರು. ಅಲ್ಲಿಂದ ಹೆಸರು ಬ್ಲಾಕ್ ಮಟ್ಟಕ್ಕೆ ಹೋಗುತ್ತದೆ. ಅಲ್ಲಿರುವವರು ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು.

ಮುಂದಿನದು ವೈದ್ಯಕೀಯ ತಪಾಸಣಾ ಶಿಬಿರ. ತಾಲ್ಲೂಕಿನ ಬೇರೆ ಬೇರೆ ಊರುಗಳಿಂದ ಮಕ್ಕಳನ್ನು ಕರೆದುಕೊಂಡು ತಾಯಂದಿರು ಬೆಳಗ್ಗೆಯೇ ಬರುತ್ತಾರೆ. ಮೂಳೆ, ಕಣ್ಣು, ಕಿವಿ, ಮನೋರೋಗ ತಜ್ಞರು ನೋಡುತ್ತಾರೆ. ಗಾಲಿಕುರ್ಚಿ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಶ್ರವಣ ಸಾಧನ ಬೇಕಾದವರ ಅಳತೆ ತೆಗೆದುಕೊಳ್ಳಲಾಗುತ್ತದೆ. ಪ್ರಮಾಣಪತ್ರ ಇಲ್ಲದವರಿಗೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿಗೆ ದಾರಿ ತೋರಿಸಲಾಗುತ್ತದೆ. ಈ ಶಿಬಿರಗಳನ್ನು ಹಗುರವಾಗಿ ಕಾಣುವವನಲ್ಲ ನಾನು. ಜಿಲ್ಲಾಸ್ಪತ್ರೆಗೆ ನಾಲ್ಕು ಸಲ ಅಲೆಯಲು ದಿನಗೂಲಿ ಬಿಡಲಾಗದ ಮನೆಯವರಿಗೆ ಒಂದೇ ದಿನ ಒಂದೇ ಕಡೆ ಎಲ್ಲ ವೈದ್ಯರು ಸಿಗುವುದು ಸಣ್ಣ ವಿಷಯವಲ್ಲ.

ಆದರೆ ಶಿಬಿರಕ್ಕೆ ಕಾಣುವುದು ಕಾಲು, ಕಣ್ಣು, ಕಿವಿ. ಮಾತು ಅರ್ಥವಾಗಿಯೂ ಬೋರ್ಡಿನ ಮೇಲಿನದನ್ನು ನಕಲು ಮಾಡಲಾರದ ಹುಡುಗ, ಗಲಾಟೆ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುವ ಹುಡುಗಿ, ಬಿಸಿಯೂಟದ ನಂತರ ಶೌಚಾಲಯಕ್ಕೆ ಹೋಗಲು ಯಾರೂ ಕೈ ಹಿಡಿಯದ್ದರಿಂದ ಮಧ್ಯಾಹ್ನದ ತರಗತಿಗೆ ಬರುವುದನ್ನೇ ಬಿಟ್ಟ ಮಗು: ಇವರ ತೊಂದರೆ ಕಾಣಬೇಕಾದರೆ ಶಾಲೆಯಲ್ಲಿ ಕೂತು ನೋಡಬೇಕು. ಶಿಬಿರದಿಂದ ಹೊರಬರುವ ಹಾಳೆಯಲ್ಲಿ ಇರುವುದು ನ್ಯೂನತೆಯ ಹೆಸರು ಮತ್ತು ಒಂದು ಅಂಕಿ. ಅದನ್ನೇ ಮುಂದಿಟ್ಟುಕೊಂಡು ಐಇಪಿ ಬರೆದರೆ, ಒಂದೇ ನ್ಯೂನತೆಯ ಮಕ್ಕಳಿಗೆಲ್ಲ ಒಂದೇ ಯೋಜನೆಯಾಗುತ್ತದೆ. ಆಗ ಅದು ವೈಯಕ್ತಿಕ ಎಂಬ ಹೆಸರಿಗೆ ತಕ್ಕುದಲ್ಲ.

69 ಮತ್ತು 70ರ ನಡುವೆ

ಈ ಅಂಕಿ ಹೇಗೆ ಬರುತ್ತದೆ ಎಂಬುದನ್ನು ತಂದೆತಾಯಿ ತಿಳಿದಿರಬೇಕು. ಬೌದ್ಧಿಕ ಅಸಾಮರ್ಥ್ಯದ ವಿಷಯದಲ್ಲಿ 2018ರ ಕೇಂದ್ರ ಮಾರ್ಗಸೂಚಿ ವಿಎಸ್‌ಎಂಎಸ್ ಎಂಬ ಸಾಮಾಜಿಕ ಪ್ರೌಢತೆಯ ಅಳತೆಗೋಲನ್ನು ಬಳಸಿತ್ತು; 2024ರಲ್ಲಿ ಅದರ ಜಾಗಕ್ಕೆ ಪರಿಷ್ಕೃತ ಮಾರ್ಗಸೂಚಿ ಬಂದಿದೆ. ಮಗು ತಾನೇ ಊಟ ಮಾಡುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಒಬ್ಬನೇ ಹೊರಗೆ ಹೋಗಿ ಬರುತ್ತಾನೆಯೇ ಎಂಬಂಥ ಪ್ರಶ್ನೆಗಳನ್ನು ಹೆಚ್ಚಾಗಿ ತಾಯಿಯನ್ನು ಕೇಳುತ್ತಾರೆ. 2018ರ ಲೆಕ್ಕದಲ್ಲಿ ಅಂಕ 55ರಿಂದ 69ರ ಒಳಗಿದ್ದರೆ ಶೇಕಡಾ 50 ನ್ಯೂನತೆ. 70ರಿಂದ 84ರ ಒಳಗಿದ್ದರೆ ಶೇಕಡಾ 25. ಅಂದರೆ ಒಂದೇ ಒಂದು ಅಂಕದ ಅಂತರದಲ್ಲಿ ಮಗು 40ರ ಗೆರೆಯ ಆಚೆಯಿಂದ ಈಚೆಗೆ ಬಂದುಬಿಡುತ್ತದೆ.

ಅಂಕ 69 ಬಂದ ಹುಡುಗಿಯೂ 70 ಬಂದ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತಿದ್ದರೆ ಯಾವ ಶಿಕ್ಷಕಿಗೂ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಗೂ ಕೂಡುವ ಲೆಕ್ಕ ಕಲಿಯಲು ಹೆಚ್ಚು ದಿನ ಬೇಕು. ಇಬ್ಬರೂ ನಿನ್ನೆ ಕಲಿತದ್ದನ್ನು ಇಂದು ಮರೆಯುತ್ತಾರೆ. ಒಬ್ಬಳಿಗೆ ಕಾರ್ಡು ಇದೆ, ಇನ್ನೊಬ್ಬಳಿಗೆ ‘ದಡ್ಡಿ’ ಎಂಬ ಹೆಸರು. ಅಂಕಿ ಇಲ್ಲದವಳ ಬಗ್ಗೆ ಯಾರೂ ಏನೂ ಬರೆಯುವುದಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ, ಏಕೆಂದರೆ ಸ್ವಲ್ಪ ಸಹಾಯ ಸಿಕ್ಕರೆ ಬಹಳ ಮುಂದೆ ಹೋಗಬಲ್ಲವಳು ಅವಳೇ.

ಆಟಿಸಂಗೆ ಬೇರೆ ಅಳತೆ. ‘ಐಸಾ’ ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಬಂದರೆ ಶೇಕಡಾ 40 ಎಂದು ಲೆಕ್ಕ. ಮನೆಯಲ್ಲಿ, ಪರಿಚಿತರ ನಡುವೆ ಶಾಂತವಾಗಿರುವ ಮಗು 50 ಮಕ್ಕಳ ತರಗತಿಯಲ್ಲಿ ಪೂರ್ತಿ ಬೇರೆ ಮಗುವಾಗಿರಬಹುದು. ಮಾಪಕಕ್ಕೆ ಅದು ಗೊತ್ತಾಗಬೇಕಾದರೆ ತರಗತಿ ಶಿಕ್ಷಕರ ಮಾತೂ ಕೇಳಿಸಬೇಕು. ಆದರೆ ವೈದ್ಯರ ಎದುರು ಕೂರುವುದು ತಂದೆತಾಯಿ ಮಾತ್ರ.

ಓದು, ಬರಹ, ಲೆಕ್ಕದಲ್ಲಿ ಮಾತ್ರ ಎಡವುವ ಕಲಿಕಾ ನ್ಯೂನತೆಯಲ್ಲಂತೂ ಶೇಕಡಾವಾರಿನ ಅಡಿಪಾಯವೇ ಸಡಿಲ. ವೈದ್ಯಕೀಯ ಕೋರ್ಸಿನ ಪ್ರವೇಶಕ್ಕೆ ಸಂಬಂಧಿಸಿದ 2019ರ ನಿಯಮಾವಳಿಯ ಅನುಬಂಧದಲ್ಲೇ, ಈ ನ್ಯೂನತೆಯ ತೀವ್ರತೆ ಅಳೆಯುವ ಮಾಪಕ ಸದ್ಯಕ್ಕೆ ಇಲ್ಲ, ಹಾಗಾಗಿ ಶೇಕಡಾ 40 ಎಂಬ ಮಿತಿಗೆ ಸರಿಯಾದ ಆಧಾರವಿಲ್ಲ, ಇನ್ನಷ್ಟು ಪುರಾವೆ ಬೇಕು ಎಂಬ ಟಿಪ್ಪಣಿ ಇತ್ತು. ನಿಯಮ ಮಾಡಿದವರೇ ಒಪ್ಪಿಕೊಂಡ ಮಾತು ಇದು.

ಕನ್ನಡ ಓದುವ ಮಗುವನ್ನು ಅಳೆಯುವುದು

ಕಲಿಕಾ ನ್ಯೂನತೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ನಮ್ಮ ಭಾಷೆಯ ಮಕ್ಕಳ ಮಟ್ಟಿಗೆ ಇಲ್ಲೊಂದು ಬೇರೆಯೇ ತೊಡಕು ಇದೆ.

2018ರ ಮಾರ್ಗಸೂಚಿಯ ಪ್ರಕಾರ ಮೂರನೆಯ ತರಗತಿ ಅಥವಾ 8ನೇ ವಯಸ್ಸಿನಲ್ಲಿ ಶಿಕ್ಷಕರು ಮೊದಲ ತಪಾಸಣೆ ಮಾಡಬೇಕಿತ್ತು. ಅದರಂತೆ ಪ್ರಮಾಣಪತ್ರ ಸಿಗುತ್ತಿದ್ದುದು 8 ವರ್ಷದ ನಂತರ, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ. ಪರೀಕ್ಷೆಗೆ ಸೂಚಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಗುಚ್ಛವನ್ನು. ಎಂಟು ವರ್ಷದವರೆಗೆ ಕಾಯುವುದಕ್ಕೆ ಕಾರಣವಿದೆ: ಅದಕ್ಕೂ ಮುಂಚೆ ತಡವಾಗಿ ಕಲಿಯುವ ಮಗುವನ್ನೂ ನಿಜವಾಗಿ ನ್ಯೂನತೆ ಇರುವ ಮಗುವನ್ನೂ ಬೇರ್ಪಡಿಸಿ ಹೇಳುವುದು ಕಷ್ಟ.

ಕನ್ನಡದಲ್ಲಿ ಅದು ಇನ್ನೂ ಕಷ್ಟ. ಇಂಗ್ಲಿಷ್ ಕಲಿಯುವ ಮಗು 26 ಅಕ್ಷರಗಳನ್ನು ಗುರುತಿಸಲು ಒಂದು ವರ್ಷದೊಳಗೆ ಕಲಿತುಬಿಡುತ್ತದೆ. ಅಲ್ಲಿಂದ ಮುಂದೆ ಸ್ಪೆಲಿಂಗಿನ ಕಾಟ. ಕನ್ನಡದ ಮಗುವಿನ ಎದುರು ವರ್ಣಮಾಲೆ, ಅದರ ಮೇಲೆ ಕಾಗುಣಿತದ ಬಳ್ಳಿ, ಅದರ ಮೇಲೆ ಒತ್ತಕ್ಷರ, ಹೀಗೆ ನೂರಾರು ರೂಪಗಳು ಸಾಲುಗಟ್ಟಿ ನಿಂತಿರುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಇಲ್ಲಿ ಅಕ್ಷರ ಕಲಿಕೆ ಮೊದಲ ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಹಾಗಾದರೆ ಎಂಟು ವರ್ಷದ ಹುಡುಗ ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳಲ್ಲಿ ಎಡವಿದರೆ ಅದು ನ್ಯೂನತೆಯ ಲಕ್ಷಣವೋ, ಆ ವಯಸ್ಸಿಗೆ ಸಹಜವಾದದ್ದೋ? ಕನ್ನಡದಲ್ಲಿ ಯಾವ ವಯಸ್ಸಿಗೆ ಎಷ್ಟು ಬರಬೇಕು ಎಂಬ ಅಳತೆ ಗೊತ್ತಿಲ್ಲದೆ ಇದನ್ನು ಹೇಳಲಾಗದು. ಕಲಿಕಾ ನ್ಯೂನತೆಯ ಹಳೆಯ ಪರೀಕ್ಷೆಗಳಲ್ಲಿ ಬಹುಪಾಲು ಇಂಗ್ಲಿಷ್ ಓದಿನ ಸುತ್ತ ಹುಟ್ಟಿದವು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ ‘ಡಾಲಿ’ ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡಕ್ಕೂ ಇರುವುದು ಆ ದೃಷ್ಟಿಯಿಂದ ದೊಡ್ಡ ಹೆಜ್ಜೆ.

ಇನ್ನು ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಮಾತಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗುವಿನ ಪಾಡು ನೋಡಿ. ಅದಕ್ಕೆ ಇಂಗ್ಲಿಷ್ ಓದಲು ಬಾರದಿರುವುದು ಆ ಭಾಷೆ ಕಿವಿಗೇ ಬೀಳದ್ದರಿಂದ ಇರಬಹುದು. ಎರಡೂ ಭಾಷೆಯಲ್ಲಿ ಪರೀಕ್ಷಿಸದೆ ಹೇಳಿದ ತೀರ್ಪು ನಂಬತಕ್ಕದ್ದಲ್ಲ. ತಂದೆತಾಯಿ ಇದನ್ನು ಧೈರ್ಯವಾಗಿ ಕೇಳಬೇಕು: ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದಿರಿ?

ಇಷ್ಟೆಲ್ಲ ಹೇಳುವಾಗ ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ತರಗತಿ ನೆನಪಾಗುತ್ತದೆ. ಎಚ್.ಡಿ. ಕೋಟೆಯಲ್ಲಿ 1995ರ ಹೊತ್ತಿಗೆ ಮೊದಲುಗೊಂಡು, 2009-10ರಲ್ಲಿ ಇಡೀ ರಾಜ್ಯಕ್ಕೆ ಹಬ್ಬಿದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಹತ್ತುತ್ತದೆ. ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬುದು ‘ಪ್ರಗತಿ ನೋಟ’ದಲ್ಲಿ ದಾಖಲಾಗಿರುತ್ತದೆ. ನೆರವಿನ ಯೋಜನೆ ಬರೆಯಲು ಇದಕ್ಕಿಂತ ಒಳ್ಳೆಯ ಕಚ್ಚಾ ಸಾಮಗ್ರಿ ಯಾವ ಕ್ಲಿನಿಕ್ಕಿನಲ್ಲೂ ಸಿಗುವುದಿಲ್ಲ. ಆದರೂ ತಪಾಸಣಾ ಶಿಬಿರಕ್ಕೆ ಹೊರಟ ತಾಯಿಯ ಕೈಯಲ್ಲಿ ಆಧಾರ್, ಫೋಟೊ, ರೇಷನ್ ಕಾರ್ಡು ಇರುತ್ತವೆ. ಈ ದಾಖಲೆ ತನ್ನಿ ಎಂದು ಹೇಳುವ ನಿಯಮ ಇಲ್ಲ. ನಾಲ್ಕನೆಯ ತರಗತಿಗೆ ಹೋದೊಡನೆ ಏಣಿ ಮುಗಿದು ಪಠ್ಯಪುಸ್ತಕ ಶುರುವಾಗುತ್ತದೆ. ಅಲ್ಲಿಯವರೆಗೆ ತನ್ನ ಪಾಡಿಗೆ ಹತ್ತುತ್ತಿದ್ದ ಮಗು ಒಮ್ಮೆಲೇ ಹಿಂದೆ ಬೀಳುವುದು ಆಗಲೇ.

ಕಾಯ್ದೆ ಹೇಳುವುದು ಬೇರೆ

ಈ 40ರ ಗೆರೆ ಕಾಯ್ದೆಯಲ್ಲಿ ಇಲ್ಲವೆಂದಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಶೇಕಡಾ 40 ಮತ್ತು ಮೇಲ್ಪಟ್ಟವರಿಗೆ ಕೆಲವು ವಿಶೇಷ ಹಕ್ಕು ಕೊಡುತ್ತದೆ. 31ನೇ ಸೆಕ್ಷನ್ ಪ್ರಕಾರ 6ರಿಂದ 18 ವರ್ಷದ ಅಂಥ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ. ಮೀಸಲಾತಿಗೂ ಇದೇ ಗೆರೆ.

ಆದರೆ ಶಾಲೆಯ ಕರ್ತವ್ಯಗಳನ್ನು ಹೇಳುವ 16ನೇ ಸೆಕ್ಷನ್‌ನಲ್ಲಿ ಈ ಅಂಕಿಯೇ ಇಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ, ಅಂದರೆ ಖಾಸಗಿ ಶಾಲೆಗಳೂ, ಮಗುವಿಗೆ ಅದರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ಬೇಕಾದ ವೈಯಕ್ತಿಕ ನೆರವು ನೀಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಬೋಧನೆಯಲ್ಲಿ ಕ್ರಮ ತೆಗೆದುಕೊಳ್ಳಬೇಕು, ಪ್ರತಿ ಮಗುವಿನ ಪ್ರಗತಿಯನ್ನು ಗಮನಿಸುತ್ತಿರಬೇಕು. ಇಲ್ಲಿ ‘ಆದಷ್ಟು ಬೇಗ’ ಎಂಬುದನ್ನು ಗಮನಿಸಿ. ಪ್ರಮಾಣಪತ್ರಕ್ಕೆ ಎಂಟು ವರ್ಷ ಆಗಲಿ. ಸಹಾಯಕ್ಕೆ ಎಂಟು ವರ್ಷ ಕಾಯಬೇಕೆಂದು ಯಾರೂ ಹೇಳಿಲ್ಲ.

ಇನ್ನೂ ಮುಖ್ಯವಾದದ್ದು ಅಂಗವೈಕಲ್ಯವುಳ್ಳ ವ್ಯಕ್ತಿ ಯಾರು ಎಂದು ಕಾಯ್ದೆ ಕೊಡುವ ವಿವರಣೆ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ಕೊರತೆ ಇದ್ದು, ಅದು ಸುತ್ತಲಿನ ಅಡೆತಡೆಗಳ ಜೊತೆ ಸೇರಿದಾಗ ಸಮಾಜದಲ್ಲಿ ಎಲ್ಲರಂತೆ ಪೂರ್ಣವಾಗಿ ಪಾಲ್ಗೊಳ್ಳಲು ಆಗದವರು ಎಂದು ಅದರ ಸಾರ. ಅಡೆತಡೆ ಇರುವುದು ಎತ್ತರದ ಮೆಟ್ಟಿಲಿನಲ್ಲಿ, ಗೋಡೆ ನೋಡಿಕೊಂಡು ಪಾಠ ಮಾಡುವ ರೂಢಿಯಲ್ಲಿ, ಒಂದೇ ಗಂಟೆಯಲ್ಲಿ ಎಲ್ಲರೂ ಬರೆದು ಮುಗಿಸಬೇಕೆಂಬ ನಿಯಮದಲ್ಲಿ. ವೈದ್ಯರು ಕೊರತೆಯನ್ನು ಅಳೆಯಬಲ್ಲರು. ಅಡೆತಡೆಯನ್ನು ಅಳೆಯಲು ಅವರು ಆ ಶಾಲೆಯನ್ನೇ ನೋಡಿಲ್ಲ.

ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಶೇಕಡಾ 40 ಇಲ್ಲವೆಂದು ಲಿಪಿಕಾರನನ್ನು ನಿರಾಕರಿಸಲಾಗಿತ್ತು. ಅಗತ್ಯ ಹೊಂದಾಣಿಕೆಯ ಹಕ್ಕಿಗೆ 40ರ ಗೆರೆ ಅಡ್ಡಿಯಾಗಬಾರದು ಎಂದು ನ್ಯಾಯಾಲಯ ಹೇಳಿತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬರೆಯುವ ತೊಂದರೆಯಿದ್ದು ಶೇಕಡಾ 40ಕ್ಕಿಂತ ಕಡಿಮೆ ನ್ಯೂನತೆಯಿರುವವರ ಪರೀಕ್ಷೆಗೂ ಮಾರ್ಗಸೂಚಿ ತಂದಿತು. ದೊಡ್ಡ ಪರೀಕ್ಷೆಗಳ ಮಟ್ಟದಲ್ಲಿ ಬದಲಾದ ಈ ತಿಳಿವಳಿಕೆ ತಾಲ್ಲೂಕಿನ ಶಾಲೆಯ ಆಫೀಸ್ ರೂಮಿಗೆ ಇಳಿಯಬೇಕಾಗಿದೆ.

ಕಾಯ್ದೆಯಲ್ಲಿ ಕೊರತೆಯೂ ಇದೆ. ನೆರವು ಕೊಡಬೇಕು ಎಂದಿದೆಯೇ ಹೊರತು ಅದನ್ನು ಲಿಖಿತ ಯೋಜನೆಯಾಗಿ, ಇಷ್ಟು ದಿನದೊಳಗೆ, ಇಂತಿಂಥವರು ಕೂತು ಬರೆಯಬೇಕು ಎಂದಿಲ್ಲ. ಪ್ರಮಾಣಪತ್ರ ಕೊಟ್ಟವರ ನಿರ್ಧಾರದ ಮೇಲೆ 59ನೇ ಸೆಕ್ಷನ್‌ನಡಿ ಮೇಲ್ಮನವಿ ಹಾಕಬಹುದು. ಯೋಜನೆಯ ಮೇಲೆ ಅಂಥ ಮೇಲ್ಮನವಿ ಇಲ್ಲ.

ಒಂದು ಸಾಲು ಹೇಗೆ ಬರೆಯಬೇಕು

ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಕಿವಿ ಅರ್ಧ ಕೇಳಿಸುತ್ತದೆ, ಶಿಬಿರದಲ್ಲಿ ಶ್ರವಣ ಸಾಧನ ಸಿಕ್ಕಿದೆ. ಅವಳ ಐಇಪಿಯಲ್ಲಿ ಹೀಗೆ ಬರೆಯಬಹುದು: "ಶ್ರವಣ ದೋಷ. ಸಾಧನ ವಿತರಿಸಿದೆ. ಮುಂದಿನ ಸಾಲಿನಲ್ಲಿ ಕೂರಿಸುವುದು. ಪೋಷಕರಿಗೆ ಆಪ್ತಸಮಾಲೋಚನೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುಂದಿನ ಸೋಮವಾರ ಯಾರು ಏನು ಮಾಡಬೇಕು ಎಂಬುದು ಇದನ್ನು ಓದಿದ ಯಾರಿಗೂ ತಿಳಿಯುವುದಿಲ್ಲ.

ಅದೇ ಹುಡುಗಿಗೆ ಬೇರೆ ಥರವೂ ಬರೆಯಬಹುದು. ರಸ್ತೆಯ ಕಡೆಯ ಕಿಟಕಿಯಿಂದ ದೂರ, ಶಿಕ್ಷಕಿಯ ಮುಖ ಕಾಣುವ ಜಾಗದಲ್ಲಿ ಕೂರಿಸುವುದು. ಉಕ್ತಲೇಖನ ಕೊಡುವಾಗ ಶಿಕ್ಷಕಿ ಓಡಾಡದೆ ಅವಳೆದುರು ನಿಂತು ಹೇಳುವುದು. ಸಾಧನದ ಬ್ಯಾಟರಿ ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ನೋಡುವುದು, ಒಂದು ಜೊತೆ ಹೆಚ್ಚುವರಿ ಬ್ಯಾಟರಿ ಶಾಲೆಯ ಬೀರುವಿನಲ್ಲಿ ಇಡುವುದು. ಮಗು ಬೆಳೆದಂತೆ ಸಾಧನವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಸಡಿಲವಾಗುತ್ತದೆ; ದಸರಾ ರಜೆಯಲ್ಲಿ ಹೊಸ ಅಚ್ಚು ಹಾಕಿಸುವ ಹೊಣೆ ಬಿಐಇಆರ್‌ಟಿಯದು. ಅಕ್ಟೋಬರ್ ಕೊನೆಗೆ ಅವಳು ಹತ್ತು ಪದದ ಉಕ್ತಲೇಖನದಲ್ಲಿ ಎಷ್ಟು ಬರೆಯುತ್ತಾಳೆ ಎಂದು ನೋಡಿ ಮತ್ತೆ ಕೂರುವುದು. ಇಷ್ಟಕ್ಕೆ ಒಂದು ಪುಟ ಸಾಕು, ಖರ್ಚು ಕೆಲವು ಬ್ಯಾಟರಿಗಳದು. ಯೋಜನೆ ಪಾಲನೆಯಾಯಿತೇ ಇಲ್ಲವೇ ಎಂದು ಓದುಬರಹ ಬಾರದ ತಾಯಿಯೂ ಮಗಳನ್ನು ಕೇಳಿ ತಿಳಿಯಬಹುದು.

ಇದನ್ನು ಬರೆಯಲು ಕೂರಬೇಕಾದವರು ತರಗತಿ ಶಿಕ್ಷಕಿ, ತಾಯಿ ಅಥವಾ ತಂದೆ, ಬಿಐಇಆರ್‌ಟಿ, ಮತ್ತು ಸಾಧ್ಯವಾದಷ್ಟು ಮಟ್ಟಿಗೆ ಆ ಮಗು. ಮಗುವನ್ನು ಕೇಳುವ ರೂಢಿಯೇ ನಮ್ಮಲ್ಲಿ ಇಲ್ಲ. ಒಂಬತ್ತು ವರ್ಷದವಳಿಗೆ ತನಗೆ ಯಾವ ಮೇಷ್ಟ್ರ ಮಾತು ಕೇಳಿಸುತ್ತದೆ, ಯಾರದು ಕೇಳಿಸುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಜನ ಎಲ್ಲಿ, ಹಣ ಎಲ್ಲಿ

ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿ ಲೆಕ್ಕ. ತಿಂಗಳಿಗೆ 300 ರೂಪಾಯಿಯೂ ಆಗುವುದಿಲ್ಲ. ಸಾಧನ, ಕಲಿಕಾ ಸಾಮಗ್ರಿ, ಥೆರಪಿ ಎಲ್ಲವನ್ನೂ ಇದರಲ್ಲೇ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಹತ್ತು ತಿಂಗಳು ತಲಾ 200 ರೂಪಾಯಿ ಪ್ರೋತ್ಸಾಹಧನ ಬೇರೆ ಇದೆ. ಬೆಂಗಳೂರಿನಲ್ಲಿ ವಾಕ್ ಚಿಕಿತ್ಸೆಯ ಒಂದೆರಡು ಸಲದ ಶುಲ್ಕಕ್ಕೇ ತಿಂಗಳ ಪಾಲು ಕರಗುತ್ತದೆ.

ಶಿಕ್ಷಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಮೊಕದ್ದಮೆಯಲ್ಲಿ 2021ರ ಅಕ್ಟೋಬರ್‌ನಲ್ಲೇ ಅನುಪಾತ ಹೇಳಿದೆ: ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ. 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಗಿ ಬಂತು. ನಾಲ್ಕು ವರ್ಷದಲ್ಲಿ ಎರಡು ಸಲ ಹೇಳಿಸಿಕೊಂಡ ಮಾತು ಇದು. ಇಡೀ ತಾಲ್ಲೂಕಿನ ಮಕ್ಕಳು ಕೆಲವೇ ಬಿಐಇಆರ್‌ಟಿಗಳ ಹೆಗಲ ಮೇಲಿರುವಾಗ, ಶಿಬಿರ, ಪೋರ್ಟಲ್ ಎಂಟ್ರಿ, ಮನೆಯಲ್ಲೇ ಕಲಿಯುವ ‘ಗೃಹಾಧಾರಿತ’ ಮಕ್ಕಳ ಭೇಟಿ ಮುಗಿಸಿ ಒಂದೊಂದು ಮಗುವಿಗೆ ಒಂದೊಂದು ಪುಟ ಯೋಚಿಸಿ ಬರೆಯಲು ಅವರಿಗೆ ಬಿಡುವೆಲ್ಲಿ? ಯೋಜನೆ ಸೊರಗಿದ್ದಕ್ಕೆ ಅವರನ್ನು ದೂರುವುದು ಅನ್ಯಾಯ.

ಖಾಸಗಿ ಶಾಲೆಗಳಲ್ಲಿ ಇನ್ನೊಂದು ಬಗೆ. ಮಗುವಿನ ಪಕ್ಕದಲ್ಲೇ ಕೂತು ನೆರವಾಗುವ ‘ಶ್ಯಾಡೋ ಟೀಚರ್’ ಕರೆತಂದರೆ ಮಾತ್ರ ಮಗುವನ್ನು ಕೂರಿಸಿಕೊಳ್ಳುತ್ತೇವೆ, ಸಂಬಳ ನಿಮ್ಮದು ಎನ್ನುವ ಕಡೆ ಯೋಜನೆಯನ್ನು ನಿರ್ಧರಿಸುವುದು ತಂದೆತಾಯಿಯ ಜೇಬು. ಅಗತ್ಯ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಇಂಗ್ಲೆಂಡಿನ ದಾರಿ

ಕಾನೂನಿನ ಬಲವಿರುವ ಯೋಜನೆ ಹೇಗಿರುತ್ತದೆ ಎಂದು ನೋಡಲು ಇಂಗ್ಲೆಂಡಿನತ್ತ ತಿರುಗಬಹುದು. ಅಲ್ಲಿನ 2014ರ ಕಾಯ್ದೆಯ ಪ್ರಕಾರ ತಂದೆತಾಯಿಯೇ ನೇರವಾಗಿ ಸ್ಥಳೀಯ ಆಡಳಿತಕ್ಕೆ ಬರೆದು ಮಗುವಿನ ಅಗತ್ಯ ಪರಿಶೀಲಿಸಿ ಎಂದು ಕೇಳಬಹುದು. ರೋಗನಿರ್ಣಯದ ಪತ್ರ ಕಡ್ಡಾಯವಲ್ಲ, ಶೇಕಡಾವಾರು ಇಲ್ಲ. ಪರಿಶೀಲಿಸುತ್ತೇವೋ ಇಲ್ಲವೋ ಎಂದು ಆರು ವಾರದೊಳಗೆ ಹೇಳಬೇಕು. ಅಂತಿಮ ಯೋಜನೆ 20 ವಾರದೊಳಗೆ ಕೈಗೆ ಬರಬೇಕು. ನೆರವಿನ ಭಾಗದಲ್ಲಿ ಏನು, ಎಷ್ಟು ಗಂಟೆ, ಯಾರಿಂದ ಎಂದು ಬರೆದಿರಬೇಕು, ಬರೆದದ್ದನ್ನು ಒದಗಿಸುವುದು ಆಡಳಿತದ ಕಾನೂನುಬದ್ಧ ಕರ್ತವ್ಯ. ಒಪ್ಪಿಗೆಯಾಗದಿದ್ದರೆ ನ್ಯಾಯಮಂಡಳಿ ಇದೆ. ಅಮೆರಿಕದಲ್ಲಿ 1975ರಿಂದಲೇ ಐಇಪಿಗೆ ಕಾನೂನಿನ ಬಲವಿದೆ; ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲೂ ಐಇಪಿ ಮೀಟಿಂಗ್ ಎಂಬುದು ಪರಿಚಿತ ಮಾತು.

ಆದರೆ ಇಂಗ್ಲೆಂಡನ್ನು ಹಾಗೇ ನಕಲು ಮಾಡಿ ಎನ್ನಲಾರೆ. 2025ರ ಜನವರಿಗೆ ಅಲ್ಲಿ 6,38,700 ಮಕ್ಕಳು ಮತ್ತು ಯುವಜನರಿಗೆ ಇಂಥ ಯೋಜನೆ ಇತ್ತು; 2024ರಲ್ಲಿ 20 ವಾರದ ಗಡುವಿನೊಳಗೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಯೋಜನೆಗಳು. ತೀರ್ಪಿನವರೆಗೆ ಹೋದ ಮೇಲ್ಮನವಿಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಕುಟುಂಬಗಳ ಪರವಾಗಿ ಬರುತ್ತವೆ. ಕೇಳಲು ಸಂತೋಷವೆನಿಸಿದರೂ, ಮೊದಲ ನಿರ್ಧಾರಗಳು ಎಷ್ಟು ತಪ್ಪಾಗಿದ್ದವು ಎಂಬುದಕ್ಕೆ ಇದೇ ಸಾಕ್ಷಿ. ಅಗತ್ಯವನ್ನು ನಿರ್ಧರಿಸುವವರೂ ಹಣ ಕೊಡಬೇಕಾದವರೂ ಒಬ್ಬರೇ ಆದಾಗ, ಅವರ ಬೊಕ್ಕಸವೂ ಸಾಲದಲ್ಲಿರುವಾಗ, ‘ಇಲ್ಲ’ ಎನ್ನುವ ಒತ್ತಡ ಸದಾ ಇರುತ್ತದೆ. ವಕೀಲರನ್ನು ಇಡಬಲ್ಲವರು, ಇಂಗ್ಲಿಷಿನಲ್ಲಿ ಉದ್ದದ ಪತ್ರ ಬರೆಯಬಲ್ಲವರು ಗೆಲ್ಲುತ್ತಾರೆ. ಉಳಿದವರು ಮೇಲ್ಮನವಿಯ ಬಾಗಿಲಿಗೂ ಬರುವುದಿಲ್ಲ. ಗಡುವು, ಲಿಖಿತ ಹೊಣೆ, ಮೇಲ್ಮನವಿ ಈ ಮೂರನ್ನು ನಾವು ಅಲ್ಲಿಂದ ಕಲಿಯಬೇಕು. ಮೊದಲ ನೆರವು ಮಾತ್ರ ಶಾಲೆಯ ಮಟ್ಟದಲ್ಲೇ, ಅರ್ಜಿ ಮೊಕದ್ದಮೆಗಳಿಲ್ಲದೆ ಸಿಗುವಂತಿರಬೇಕು.

ಮನೆಯಲ್ಲೇ ಇರಲಿ ಎಂಬ ನಿರ್ಧಾರ

ಎಲ್ಲಕ್ಕಿಂತ ಗಂಭೀರವಾದ ನಿರ್ಧಾರ ಗೃಹಾಧಾರಿತ ಶಿಕ್ಷಣದ್ದು. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾಗಿ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯುವುದನ್ನು ಆಯ್ದುಕೊಳ್ಳಬಹುದು ಎಂದಾಯಿತು. ಹಾಸಿಗೆಯಿಂದ ಏಳಲಾಗದ ಮಗುವಿಗೆ ಇದು ನಿಜವಾದ ಉಪಕಾರ. ಆದರೆ ಕಾಯ್ದೆ ಇದನ್ನು ಕೊಟ್ಟಿರುವುದು ಮಗುವಿನ ಹಕ್ಕಾಗಿ. ಶಾಲೆಗೆ ಇಳಿಜಾರು ದಾರಿ ಇಲ್ಲ, ಆಯಾ ಇಲ್ಲ, ಕರೆತರಲು ವಾಹನವಿಲ್ಲ ಎಂಬ ಕಾರಣಕ್ಕೆ ಹೆಸರು ಗೃಹಾಧಾರಿತ ಪಟ್ಟಿಗೆ ಸೇರಿದರೆ, ಅದನ್ನು ಆಯ್ಕೆ ಎನ್ನಲಾಗದು. ಅಂಗವೈಕಲ್ಯವಿರುವ ಮಕ್ಕಳಿಗೂ, ಹೆಚ್ಚಿನ ನೆರವು ಬೇಕಾದ ಮಕ್ಕಳ ಸಹಾಯಕರಿಗೂ ಸಾರಿಗೆ ಒದಗಿಸುವುದು ಅದೇ 16ನೇ ಸೆಕ್ಷನ್ ಹೇಳುವ ಕರ್ತವ್ಯ. ಪಟ್ಟಿಯಲ್ಲಿರುವ ಪ್ರತಿ ಹೆಸರಿನ ಮುಂದೆ, ಶಾಲೆಗೆ ಬರಲು ಏನು ಇದ್ದರೆ ಸಾಕಿತ್ತು ಎಂಬ ಒಂದು ಕಾಲಂ ಸೇರಿಸಿದರೆ ಎಷ್ಟೋ ಮಕ್ಕಳ ವಿಷಯ ಬೆಳಕಿಗೆ ಬರುತ್ತದೆ.

ಇವತ್ತೇ ಕೇಳಬಹುದಾದದ್ದು

ಕಾನೂನು ಬದಲಾಗುವವರೆಗೆ ಕಾಯದೆ ತಂದೆತಾಯಿ ಮಾಡಬಹುದಾದ ಕೆಲಸವಿದೆ. ಜೂನ್ ತಿಂಗಳಲ್ಲೇ ಮುಖ್ಯ ಶಿಕ್ಷಕರಿಗೆ ಕನ್ನಡದಲ್ಲಿ ಒಂದು ಪತ್ರ ಕೊಡಿ. ನ್ಯೂನತೆಯ ಹೆಸರಿಗಿಂತ ಮುಂಚೆ ತೊಂದರೆ ಬರೆಯಿರಿ: ಬೋರ್ಡಿನಿಂದ ಬರೆದುಕೊಳ್ಳಲು ಆಗುತ್ತಿಲ್ಲ, ಊಟದ ನಂತರ ಶೌಚಾಲಯಕ್ಕೆ ಸಹಾಯ ಬೇಕು, ಕಿರುಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು. 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುವ ನೆರವನ್ನು ಲಿಖಿತ ಯೋಜನೆಯಾಗಿ ಮಾಡಿಕೊಡಿ, ಅದನ್ನು ಬರೆಯುವಾಗ ನಮ್ಮನ್ನೂ ಕರೆಯಿರಿ ಎಂದು ಕೇಳಿ. ಮಗುವಿನ ನೋಟ್‌ಬುಕ್ಕಿನ ಕೆಲವು ಹಾಳೆಗಳ ಜೆರಾಕ್ಸ್ ಲಗತ್ತಿಸಿ. ಯುಡಿಐಡಿ ಇದ್ದರೆ ಅದನ್ನೂ ಇಡಿ. ಇಲ್ಲದಿದ್ದರೂ ಪತ್ರ ಕೊಡುವುದನ್ನು ನಿಲ್ಲಿಸಬೇಡಿ. ಸ್ವೀಕೃತಿ ಪಡೆದು ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕಳಿಸಿ. ಖಾಸಗಿ ಶಾಲೆಗೂ ಇದೇ ಪತ್ರ ನಡೆಯುತ್ತದೆ.

ಉತ್ತರ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರು ವಿಚಾರಣೆ ಮಾಡಿ ಶಿಫಾರಸು ಕಳಿಸಿದರೆ, ಸಂಬಂಧಪಟ್ಟ ಪ್ರಾಧಿಕಾರ ಏನು ಕ್ರಮ ತೆಗೆದುಕೊಂಡಿತು ಎಂದು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು, ಮೂರು ತಿಂಗಳೊಳಗೆ ಉತ್ತರಿಸಬೇಕು ಎಂದು 81ನೇ ಸೆಕ್ಷನ್ ಹೇಳುತ್ತದೆ. ತರಗತಿಯ ನೆರವಿನ ಮಟ್ಟಿಗೆ ತಂದೆತಾಯಿಯ ಕೈಯಲ್ಲಿ ಸದ್ಯಕ್ಕೆ ಇರುವ ಗಡುವು ಇದು. ಮುಂದಿನ ಶೈಕ್ಷಣಿಕ ವರ್ಷದ ಸುತ್ತೋಲೆಯಲ್ಲಿ ಶಿಕ್ಷಣ ಇಲಾಖೆ ಇನ್ನೊಂದನ್ನು ಸೇರಿಸಬಹುದು: ಕೋರಿಕೆ ಬಂದ 30 ದಿನದೊಳಗೆ ಶಾಲೆಯಲ್ಲೇ ಸಭೆ, ಒಂದು ಪುಟದ ಯೋಜನೆ, ಅದರ ಒಂದು ಪ್ರತಿ ತಾಯಿಯ ಕೈಗೆ. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ.